ಹೋಗುವವರು ಸೋತು ಹೋಗಬೇಕು

ಮಾರ್ಚ್ ೩, ಸೋಮವಾರ

ಟೀವಿಯಲ್ಲಿ ಬರುವ ದೊಡ್ಡ ಕುಸ್ತಿ ಕಂಪನಿಯವರು ನಮ್ಮೂರಿಗೆ ಬರುತ್ತಿದ್ದಾರೆ. ಏಪ್ರಿಲ್ ೫, ಶನಿವಾರ, ಮಧ್ಯಾಹ್ನ ನಾಲ್ಕು ಗಂಟೆ, ಒಳಾಂಗಣ ಕ್ರೀಡಾಂಗಣ. ವಾರದಲ್ಲಿ ಏಳು ದಿನ ಇವೆ, ಇವರಿಗೆ ಶನಿವಾರವೇ ಬೇಕಾಯಿತು! ಹನ್ನೊಂದು ವರ್ಷದಿಂದ ನಮ್ಮ ಕುಸ್ತಿ ಶನಿವಾರ ನಾಲ್ಕಕ್ಕೇ ಶುರುವಾಗುವುದು ಎಂದು ಈ ಊರಿನ ಬೀದಿನಾಯಿಗೂ ಗೊತ್ತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅಂದರೆ ಇದೇ.

ಟೈರ್ ಅಂಗಡಿಯ ಗೋಡೆಗೆ ಅಂಟಿಸಿದ್ದ ನಮ್ಮ ಪೋಸ್ಟರಿನ ಮೇಲೆಯೇ ಅವರದನ್ನು ಅಂಟಿಸಿ ಹೋಗಿದ್ದಾರೆ. ಕೆಳಗಿನಿಂದ ನನ್ನ ತಂಗಿಯ ಮೊಣಕೈ ಮಾತ್ರ ಇಣುಕುತ್ತಿತ್ತು. ಉಗುರಿನಿಂದ ಕೆರೆದು ಕೆರೆದು ಅವರ ಹೀರೋನ ಅರ್ಧ ಮೀಸೆ ತೆಗೆದೆ. ಅಷ್ಟರಲ್ಲಿ ಅಂಗಡಿಯವನು ಹೊರಗೆ ಬಂದ.

ಮಾವ ಆಫೀಸಿನಲ್ಲಿ ರೆಫರಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಅಮ್ಮನ ತಮ್ಮ, ಅರವತ್ತೆಂಟಾದರೂ ಇವತ್ತಿಗೂ ನೆಲಕ್ಕೆ ಬಿದ್ದು ಮೂರು ಎಣಿಸುವವರು ಅವರೇ. "ಆ ಒಂದು ವಾರ ಭಾನುವಾರಕ್ಕೆ ಹಾಕ್ಕೊಂಡ್ರೆ ಏನಮ್ಮ ಗಂಟು ಹೋಗುತ್ತೆ?" ಅಂದರು.

"ಸತ್ತರೂ ಇಲ್ಲ" ಅಂದೆ.

ನನ್ನ ಹತ್ತಿರ ಇರುವುದು ಹಳೆಯ ಕಾಗದದ ಗೋದಾಮು, ಇನ್ನೂರ ಅರವತ್ತು ಕುರ್ಚಿ, ಒಂದು ರಿಂಗು, ಹದಿನಾಲ್ಕು ಜನ. ಅದರಲ್ಲಿ ಹನ್ನೆರಡು ಜನಕ್ಕೆ ಬೇರೆ ಕೆಲಸ ಇದೆ. ನಾನಂತೂ ಆರು ವರ್ಷದಿಂದ ರಿಂಗು ಹತ್ತಿಲ್ಲ, ಮೊಣಕಾಲು ಹೋದ ಮೇಲೆ ಕಸ ಗುಡಿಸುವುದಕ್ಕೂ ಹತ್ತಿಲ್ಲ, ಇನ್ನು ಈ ಜನ್ಮದಲ್ಲಿ ಹತ್ತುವವಳೂ ಅಲ್ಲ. ಆದರೆ ಕೂತಲ್ಲಿಂದಲೇ ಹೊಡೆಯಬಲ್ಲೆ. ಅವರ ಹತ್ತಿರ ಏನೇನಿದೆಯೋ ಅದೆಲ್ಲ ನಮ್ಮ ಹತ್ತಿರವೂ ಇರಬೇಕು. ಹೊಗೆ, ಬಣ್ಣದ ದೀಪ, ಮೈಕು. ನೋಡೇ ಬಿಡೋಣ.

ಮಾರ್ಚ್ ೯, ಭಾನುವಾರ

ನಿನ್ನೆಯದನ್ನು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ಇನ್ನೊಮ್ಮೆ ನನಗೆ ಈ ಬುದ್ಧಿ ಬರದಿರಲಿ.

ಹೊಗೆಯ ಯಂತ್ರ ಮದುವೆ ಮಂಟಪದವರಿಂದ ಬಾಡಿಗೆಗೆ ತಂದದ್ದು. ಅದು ಚೌಲ್ಟ್ರಿಯ ಎತ್ತರಕ್ಕೆ ಮಾಡಿದ ಯಂತ್ರ. ನಮ್ಮದು ತಗ್ಗು ತಗಡಿನ ಮಾಡು. ಎರಡೇ ನಿಮಿಷಕ್ಕೆ ಗೋದಾಮು ತುಂಬ ಹೊಗೆ, ಯಾರ ಮುಖ ಯಾರಿಗೂ ಕಾಣದು. ನಮ್ಮ ಖಳನಾಯಕ ವೆಲ್ಡರ್ ಗರ್ಜಿಸುತ್ತ ಒಳಗೆ ಬಂದವನು ರಿಂಗು ಸಿಗದೆ ಮೂರನೇ ಸಾಲಿನಲ್ಲಿ ಒಬ್ಬರ ತೊಡೆಯ ಮೇಲೆ ಕೂತ. ಹೊಗೆ ಇಳಿದ ಮೇಲೆ ಭಾಷಣ. ದೊಡ್ಡ ಕಂಪನಿಯಲ್ಲಿ ಕುಸ್ತಿಗಿಂತ ಮಾತೇ ಜಾಸ್ತಿಯಲ್ಲವೇ, ಅದಕ್ಕೆ ನಾನೂ ನಾಲ್ಕು ಪುಟ ಬರೆದು ನರ್ಸಿಗೆ ಬಾಯಿಪಾಠ ಮಾಡಿಸಿದ್ದೆ. ನರ್ಸ್ ಅಂದರೆ ನಿಜವಾಗಿಯೂ ನರ್ಸು, ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಕುಸ್ತಿ ಆಡುತ್ತಾಳೆ. ಎರಡನೇ ಪುಟಕ್ಕೆ ಮರೆತು, ಎದುರು ನಿಂತ ನನ್ನ ತಂಗಿಯನ್ನು ಬಿಟ್ಟು ನನ್ನ ಕಡೆಗೇ ಪಿಳಿಪಿಳಿ ನೋಡುತ್ತ ನಿಂತಳು.

ಮುಂದಿನ ಸಾಲಿನ ಅಜ್ಜಿ ಎದ್ದೇ ನಿಂತರು. ಹನ್ನೊಂದು ವರ್ಷದಿಂದ ಅದೇ ಕುರ್ಚಿ ಅವರದು. "ಏಯ್, ಭಾಷಣ ಕೇಳೋಕೆ ಬಂದಿದ್ದೀವಾ ನಾವು? ಎತ್ತಿ ಒಗಿಯೇ ಅವಳನ್ನ!"

ಜನ ನಕ್ಕರು. ನಮ್ಮ ಮೇಲೆ ನಕ್ಕರು.

ಮಾವ ಕುರ್ಚಿ ಮಡಚುತ್ತ, "ಹುಲಿ ನೋಡಿ ನರಿ ಬರೆ ಹಾಕ್ಕೊಂಡ ಹಾಗಾಯ್ತು. ಅಲ್ಲಿ ಕೊನೇ ಸಾಲಿನೋರಿಗೆ ಕುಸ್ತಿ ಕಾಣ್ಸಲ್ಲ ಕಣಮ್ಮ, ಪರದೆ ಕಾಣ್ಸುತ್ತೆ. ಇಲ್ಲಿ ಕೊನೇ ಸಾಲಿನೋರಿಗೂ ಬೆವರು ಕಾಣ್ಸುತ್ತೆ. ಅದನ್ನ ನೀನು ಹೊಗೆ ಹಾಕಿ ಮುಚ್ಚಿದೆಯಲ್ಲ" ಅಂದರು.

ಅವರ ಮೇಲೆ ರೇಗಿದೆ.

ಮಾರ್ಚ್ ೧೧, ಮಂಗಳವಾರ

ತಂಗಿ ಹೋಗುತ್ತಾಳಂತೆ. ದೊಡ್ಡ ಕಂಪನಿಗೆ. ಸಹಿಯನ್ನೂ ಹಾಕಿ ಬಂದಿದ್ದಾಳೆ. ಏಪ್ರಿಲ್ ೫ಕ್ಕೆ ಕ್ರೀಡಾಂಗಣದಲ್ಲಿ ಎಂಟು ಸಾವಿರ ಜನರ ಮುಂದೆ ಅವಳನ್ನು ಪರಿಚಯಿಸುತ್ತಾರಂತೆ.

ನನ್ನ ಚಾಂಪಿಯನ್. ನನ್ನ ಪೋಸ್ಟರಿನ ಮುಖ. ಅಮ್ಮ ಹೋದಾಗ ಅವಳಿಗೆ ಒಂಬತ್ತು, ನನಗೆ ಇಪ್ಪತ್ತನಾಲ್ಕು. ಜಡೆ ಹಾಕಿದವಳು ನಾನು, ಬೀಳುವುದನ್ನು ಕಲಿಸಿದವಳೂ ನಾನು. ಅಂಥವಳು ತಟ್ಟೆ ತೊಳೆಯುತ್ತ, ಬೆನ್ನು ಹಾಕಿಕೊಂಡು ಹೇಳಿದಳು.

"ಮೂವತ್ತೊಂದು ಆಯ್ತು ಅಕ್ಕ ನಂಗೆ. ಇನ್ನೆರಡು ವರ್ಷ ಆದ್ರೆ ಯಾರೂ ಕರೆಯಲ್ಲ. ನನ್ನ ಮೊಣಕಾಲು ನಿನ್ನ ಮೊಣಕಾಲು ಆಗೋಕೆ ಮುಂಚೆ ಒಂದು ಸಲ ಅಷ್ಟು ಜನರ ಮುಂದೆ ನಿಂತ್ಕೋಬೇಕು."

"ಹಾಳಾಗಿ ಹೋಗು" ಅಂದೆ.

ಮಾರ್ಚ್ ೧೨

ಮಾತಾಡಲಿಲ್ಲ. ಅವಳೂ ಆಡಲಿಲ್ಲ.

ಮಾರ್ಚ್ ೧೬, ಭಾನುವಾರ

ನಿನ್ನೆ ನೂರಾ ಮೂವತ್ತು ಕುರ್ಚಿ ಖಾಲಿ. ಎರಡನೇ ಕುಸ್ತಿಯ ನಡುವೆ ಒಬ್ಬ ದಪ್ಪನೆಯ ಮನುಷ್ಯ ಕೂಗಿದ: "ಎಲ್ಲಾ ಸುಳ್ಳು! ಕೆಳಗೆ ಹಾಸಿಗೆ ಹಾಸಿರ್ತಾರೆ! ದುಡ್ಡು ಕೊಟ್ಟು ಸುಳ್ಳು ನೋಡೋದಾದ್ರೆ ದೊಡ್ಡದಾಗಿ ಸುಳ್ಳು ಹೇಳೋರ ಹತ್ರಾನೇ ಹೋಗ್ಬಹುದಲ್ಲ!"

ಮೊದಲೇ ವಾರವಿಡೀ ಉರಿಯುತ್ತಿದ್ದೆ. ಎದ್ದೆ. ಯಾವಾಗ ಹಗ್ಗ ದಾಟಿದೆನೋ ಗೊತ್ತಿಲ್ಲ, ರಿಂಗಿನ ನಡುವೆ ನಿಂತಿದ್ದೆ, ಮನೆಯ ಉಡುಪಿನಲ್ಲಿ, ಕೊರಳಲ್ಲಿ ಕನ್ನಡಕ ತೂಗುಬಿಟ್ಟುಕೊಂಡು. "ಬನ್ನಿ ಸ್ವಾಮಿ, ಮೇಲೆ ಬನ್ನಿ" ಅಂದೆ. ಬಂದ. ಬಗ್ಗಿ ಮುಟ್ಟಿ ನೋಡಿ ಅಂದೆ. ಕ್ಯಾನ್ವಾಸ್, ಅದರ ಕೆಳಗೆ ಒಂದು ಬೆರಳಿನಷ್ಟು ಸ್ಪಂಜು, ಅದರ ಕೆಳಗೆ ಹಲಗೆ, ಅದರ ಕೆಳಗೆ ಕಬ್ಬಿಣ. ಅವನು ಗೆಣ್ಣಿನಿಂದ ಬಡಿದು ನೋಡಿದ. ಮುಖ ಬದಲಾಯಿತು.

"ಯಾರು ಗೆಲ್ಲೋದು ಅಂತ ಮೊದಲೇ ಬರೆದಿರ್ತೀವಿ, ಅದನ್ನ ಮುಚ್ಚಿಡಲ್ಲ. ಆದ್ರೆ ಬೀಳೋದನ್ನ ಬರೆಯೋಕಾಗಲ್ಲ. ಹೀಗೆ ಬೀಳ್ಬೇಕು" ಅಂದವಳೇ ಬೆನ್ನ ಮೇಲೆ ಬಿದ್ದೆ. ದಢಾರ್! ಗೋದಾಮಿನ ತಗಡು ನಡುಗಿತು. ಜನ ಹೋ ಎಂದರು. ಅಜ್ಜಿ ಎದ್ದು ಶಿಳ್ಳೆ ಹಾಕಿದರು, ಬಾಯಲ್ಲಿ ನಾಲ್ಕೇ ಹಲ್ಲಿದ್ದರೂ. ಆ ಮನುಷ್ಯ ನನಗೆ ಕೈ ಕೊಟ್ಟು ಎಬ್ಬಿಸಿ, "ಇನ್ನೊಂದು ಸಲ ಬೀಳ್ತೀರಾ?" ಅಂದ.

ಬಿದ್ದೆ. ಇದು ಬರೀ ತೋರಿಸುವುದಕ್ಕೆ. ರಿಂಗು ಹತ್ತಿದ ಲೆಕ್ಕಕ್ಕೆ ಬರುವುದಿಲ್ಲ.

ಮಾರ್ಚ್ ೧೯, ಬುಧವಾರ

ಹೊಸ ಪೋಸ್ಟರ್ ಬರೆಸಿದೆ: "ನಮ್ಮಲ್ಲಿ ಪರದೆ ಇಲ್ಲ. ಮೂರು ಗಂಟೆಗೇ ಬನ್ನಿ, ರಿಂಗು ಮುಟ್ಟಿ ನೋಡಿ. ಧೈರ್ಯ ಇದ್ದರೆ ಬಿದ್ದು ನೋಡಿ."

ಭಾಷಣ ಬಂದ್. ಎಂಟು ಕುಸ್ತಿಯ ಬದಲು ನಾಲ್ಕೇ, ಒಂದೊಂದೂ ಇಪ್ಪತ್ತು ನಿಮಿಷ. ದೊಡ್ಡ ಕಂಪನಿಯಲ್ಲಿ ಜಾಹೀರಾತು ಬರುವುದರೊಳಗೆ ಕುಸ್ತಿ ಮುಗಿಯಬೇಕು. ನಮ್ಮ ಹತ್ತಿರ ಜಾಹೀರಾತೇ ಇಲ್ಲ. ಒಂದು ಪಟ್ಟು ಹಿಡಿದರೆ ಜನಕ್ಕೆ ತಾವೇ ಉಸಿರು ಕಟ್ಟುವ ತನಕ ಹಿಡಿಯಬಹುದು. ಮಾವ ಹನ್ನೊಂದು ವರ್ಷದಿಂದ ಇದನ್ನೇ ಹೇಳುತ್ತಿದ್ದರಂತೆ. ನನಗಂತೂ ಕೇಳಿದ ನೆನಪಿಲ್ಲ.

ಜನರಿಗೆ ತೋರಿಸುವಾಗ ನಗೆಪಾಟಲಾಗಬಾರದು ಎಂದು ಬೆಳಿಗ್ಗೆ ನಲವತ್ತು ಸಲ ಬಿದ್ದು ಅಭ್ಯಾಸ ಮಾಡಿದೆ. ತಂಗಿ ಬಾಗಿಲಲ್ಲಿ ನಿಂತು ನೋಡಿದಳು. "ಗದ್ದ ಎದೆಗೆ ತಾಗಿಸು, ತಲೆ ಒಡ್ಕೋತೀಯ" ಅಂದಳು. ನನಗೇ ಪಾಠ!

ಮಾರ್ಚ್ ೨೧, ಶುಕ್ರವಾರ

ಸೂಟಿನವನು ಬಂದಿದ್ದ, ದೊಡ್ಡ ಕಂಪನಿಯವನು. ಆಫೀಸಿನ ಮುರುಕು ಕುರ್ಚಿಯಲ್ಲಿ ಕರವಸ್ತ್ರ ಹಾಸಿ ಕೂತ.

"ಇಪ್ಪತ್ತೊಂಬತ್ತಕ್ಕೆ ನಿಮ್ಮ ಸಿಸ್ಟರ್‌ದು ಇಲ್ಲಿ ಕೊನೇ ಶೋ ಅಂತ ಗೊತ್ತಾಯ್ತು ಮೇಡಂ. ಸಂತೋಷ. ಒಂದೇ ವಿಷಯ, ನಮ್ಮ ಕಲಾವಿದರು ಹೊರಗಡೆ ಸೋಲೋ ಹಾಗಿಲ್ಲ. ಸಹಿ ಹಾಕಿದ ಕಾಗದದಲ್ಲೇ ಇದೆ."

ಕಲಾವಿದರಂತೆ! ಕುಸ್ತಿ ಅನ್ನುವ ಮಾತು ಅವನ ಬಾಯಿಂದ ಒಂದು ಸಲವೂ ಬರಲಿಲ್ಲ.

"ನೋಡಪ್ಪ, ಈ ಕಸುಬಿನಲ್ಲಿ ಒಂದು ಕ್ರಮ ಇದೆ. ಹೋಗೋರು ಸೋತು ಹೋಗ್ಬೇಕು. ಇಷ್ಟು ವರ್ಷ ಈ ಮನೆ ಅವರನ್ನ ದೊಡ್ಡೋರು ಮಾಡಿರುತ್ತೆ. ಹೋಗೋ ಮುಂಚೆ ಆ ಹೆಸರನ್ನ ಇಲ್ಲಿ ಉಳ್ಯೋರ ಕೈಗೆ ಕೊಟ್ಟು ಹೋಗ್ಬೇಕು. ನಾನು ಕುಸ್ತಿ ಬಿಟ್ಟಾಗ ನನ್ನ ತಂಗಿಗೆ ಸೋತೆ. ಹಾಗೇ ಅವಳು ಚಾಂಪಿಯನ್ ಆಗಿದ್ದು."

"ಅದೆಲ್ಲ ಹಳೇ ಕಾಲದ್ದು ಮೇಡಂ."

"ನಾನೂ ಹಳೇ ಕಾಲದೋಳೇ."

ನಕ್ಕ. ಆ ದಿನ ತಾನೇ ಮುಂದಿನ ಸಾಲಿನಲ್ಲಿ ಕೂರುತ್ತೇನೆ, ಅವಳು ಸೋತರೆ ಕಾಗದ ರದ್ದಾಗಬಹುದು ಎಂದು ಹೇಳಿ ಕರವಸ್ತ್ರ ಮಡಚಿಕೊಂಡು ಹೋದ.

ಅವಳು ಸೋಲದೆ ಹೋದರೆ ಏನಾಗುತ್ತದೆಂದು ಅವನಿಗೂ ಗೊತ್ತು, ನನಗೂ ಗೊತ್ತು. ನಮ್ಮ ಚಾಂಪಿಯನ್ ಬೆಲ್ಟು ತಗಡಿನ ತುಂಡಾಗುತ್ತದೆ. ಇಲ್ಲಿ ಅವಳನ್ನು ಸೋಲಿಸುವವರೇ ಇಲ್ಲ, ನಿಜವಾದ ಕುಸ್ತಿ ಇನ್ನು ಕ್ರೀಡಾಂಗಣದಲ್ಲಿ ಎಂದು ಜನ ಅವಳ ಹಿಂದೆಯೇ ಹೋಗುತ್ತಾರೆ. ಏಪ್ರಿಲ್ ೫ಕ್ಕೆ ನಾನು ಖಾಲಿ ಕುರ್ಚಿಗಳಿಗೆ ಕುಸ್ತಿ ತೋರಿಸಬೇಕು. ಇಲ್ಲ. ಅವಳು ಸೋಲಲೇಬೇಕು, ನರ್ಸಿಗೆ ಸೋಲಬೇಕು. ಯಾವ ಸೂಟಿಗೂ ನಾನು ಸೊಪ್ಪು ಹಾಕುವವಳಲ್ಲ.

ಮಾರ್ಚ್ ೨೩, ಭಾನುವಾರ

ನಿನ್ನೆ ಮೂರು ಗಂಟೆಗೆ ಬಾಗಿಲ ಹೊರಗೆ ಸಾಲು! ಅರವತ್ತೆರಡು ಜನ ರಿಂಗು ಹತ್ತಿ ಬಿದ್ದರು. ಗಣಿತದ ಮೇಷ್ಟ್ರೊಬ್ಬರು ಬಿದ್ದು, ಅಲ್ಲೇ ಮಲಗಿಕೊಂಡು, "ಮಕ್ಕಳಿಗೆ ಇನ್ಮೇಲೆ ಕುಸ್ತಿ ನೋಡಬೇಡಿ ಅಂತ ಬಯ್ಯಲ್ಲ" ಅಂದರು. ದಪ್ಪನೆಯ ಮನುಷ್ಯ ಹೆಂಡತಿಯನ್ನೂ ಕರೆತಂದಿದ್ದ. ಆಕೆ ಗಂಡನಿಗಿಂತ ಚೆನ್ನಾಗಿ ಬಿದ್ದರು. ಎಂಟು ಸಾವಿರ ಕುರ್ಚಿಯವರು ಇದನ್ನು ಮಾಡಿ ತೋರಿಸಲಿ ನೋಡೋಣ.

ಕುಸ್ತಿಯೆಲ್ಲ ಮುಗಿದ ಮೇಲೆ ನರ್ಸ್ ಅಳುತ್ತ ಬಂದಳು. ಅವಳನ್ನೂ ದೊಡ್ಡ ಕಂಪನಿ ಪರೀಕ್ಷೆಗೆ ಕರೆದಿದೆ, ಸರಿಯಾಗಿ ೨೯ಕ್ಕೇ. ತಂಗಿ ಯಾರಿಗೆ ಸೋಲಬೇಕಿತ್ತೋ ಅವಳನ್ನೇ ಎತ್ತಿಕೊಂಡರು. ಬಯ್ಯೋಣವೆಂದು ಬಾಯಿ ತೆರೆದೆ. "ಹೋಗಿ ಬಾರಮ್ಮ, ಚೆನ್ನಾಗಿ ಆಡು" ಎಂಬ ಮಾತು ಬಂತು. ದಣಿದಿದ್ದೆ, ಅದಕ್ಕೇ ಇರಬೇಕು.

"ಇನ್ಯಾರಿದ್ದಾರೆ ಹೆಂಗಸರಲ್ಲಿ?" ಅಂದೆ. ಮಾವ ನನ್ನನ್ನೇ ನೋಡಿದರು. ತಂಗಿಯೂ ನೋಡಿದಳು. ವೆಲ್ಡರ್ ಕೂಡ ಸ್ಪ್ಯಾನರ್ ಕೆಳಗಿಟ್ಟು ನೋಡಿದ.

"ಹುಚ್ಚಾ ನಿಮಗೆಲ್ಲ? ನಲವತ್ತಾರು ನಂಗೆ!"

"ಅಜ್ಜಿಗೆ ಎಪ್ಪತ್ತೊಂಬತ್ತು. ಶಿಳ್ಳೆ ಹಾಕಲ್ವಾ?" ಅಂದರು ಮಾವ.

ಒಂದು ದಿನದ ಮಟ್ಟಿಗೆ ಮಾತ್ರ. ಬರೆದಿಟ್ಟಿದ್ದೇನೆ.

ಮಾರ್ಚ್ ೨೬, ಬುಧವಾರ

ಮೂರು ದಿನದಿಂದ ಬೆಳಿಗ್ಗೆ ಆರಕ್ಕೆ ತಂಗಿಯ ಜೊತೆ ಅಭ್ಯಾಸ. ಹನ್ನೆರಡು ದಿನ ಸರಿಯಾಗಿ ಮಾತಾಡದಿದ್ದವರು ಈಗ ಒಬ್ಬರ ಕುತ್ತಿಗೆ ಒಬ್ಬರು ಹಿಡಿದು ನಿಲ್ಲುತ್ತೇವೆ. ಅವಳ ಎಡ ಭುಜ ಮೊದಲಿನಷ್ಟು ಮೇಲೇಳುವುದಿಲ್ಲ. ಎಷ್ಟು ತಿಂಗಳಿಂದ ಅಂತ ಕೇಳಿದೆ. ಒಂದು ವರ್ಷದಿಂದಂತೆ. ಹೇಳಿರಲಿಲ್ಲ. ಅಲ್ಲಿ ಅವರಿಗೆ ಸ್ವಂತ ಡಾಕ್ಟರಿದ್ದಾರಂತೆ, ಆಪರೇಷನ್ನೂ ಮಾಡಿಸುತ್ತಾರಂತೆ.

"ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ನೀನು ರಿಂಗ್ ಹತ್ಸುತ್ತಿರ್ಲಿಲ್ಲ."

ನನ್ನ ಮೊಣಕಾಲಿಗೆ ಪಟ್ಟಿ ಸುತ್ತಿದವಳು ಅವಳೇ. ಬಿಗಿಯಾಯಿತು ಅಂದೆ. "ಬಾಯಿ ಮುಚ್ಕೊಂಡು ಕೂತ್ಕೋ" ಅಂದಳು. ಕೂತೆ.

ಮಾರ್ಚ್ ೨೮, ಶುಕ್ರವಾರ

ಕೊನೆಯನ್ನು ಬದಲಾಯಿಸಿದೆ. ಹದಿನೆಂಟನೇ ನಿಮಿಷಕ್ಕೆ ತಂಗಿ ನನ್ನನ್ನು ಎತ್ತಿ ಒಗೆಯುತ್ತಾಳೆ, ನಾನು ಸೋಲುತ್ತೇನೆ, ಅವಳು ಬೆಲ್ಟನ್ನು ರಿಂಗಿನಲ್ಲಿ ಇಟ್ಟು ಹೋಗುತ್ತಾಳೆ. ಇದರಲ್ಲಿ ಪ್ರೀತಿ ಗೀತಿ ಏನೂ ಇಲ್ಲ. ಅವಳ ಅನ್ನಕ್ಕೆ ಕಲ್ಲು ಹಾಕಿದೆ ಅನ್ನುವ ಮಾತು ನನಗೆ ಬೇಡ, ಅಷ್ಟೇ. ಕಂಪನಿಯನ್ನು ಹೇಗೋ ನೋಡಿಕೊಳ್ಳುತ್ತೇನೆ. ಇನ್ನೂರು ಜನ ಬರದಿದ್ದರೆ ನೂರು ಜನಕ್ಕೆ ಆಡುತ್ತೇವೆ, ನೂರೂ ಇಲ್ಲದಿದ್ದರೆ ಅಜ್ಜಿಗೆ ಆಡುತ್ತೇವೆ.

ಇಬ್ಬರಿಗೂ ಹೇಳಿದೆ. ತಂಗಿ ಹಾಳೆಯನ್ನು ಎರಡು ಸಲ ಓದಿ, "ಸರಿ" ಅಂದಳು. ಮಾವ ಮಾತ್ರ, "ನಾನು ಕಂಡದ್ದನ್ನ ಎಣಿಸ್ತೀನಮ್ಮ. ಭುಜ ಕೆಳಗಿದ್ರೆ ಮೂರು" ಅಂದರು. ಅವರು ಯಾವಾಗಲೂ ಹೇಳುವ ಮಾತೇ.

ಮಾರ್ಚ್ ೩೦, ಭಾನುವಾರ

ಮೈಯೆಲ್ಲ ನುಗ್ಗಾಗಿದೆ. ಬೆರಳು ಊದಿ ಪೆನ್ನು ಹಿಡಿಯಲಾಗುತ್ತಿಲ್ಲ. ಬರೆಯಲೇಬೇಕು.

ನಿನ್ನೆ ಗೋದಾಮು ತುಂಬಿತ್ತು. ಗೋಡೆಗೆ ಒರಗಿ ನಿಂತಿದ್ದರು ಜನ. ಸೂಟಿನವನು ಅಜ್ಜಿಯ ಪಕ್ಕದಲ್ಲಿ ಕೂತಿದ್ದ. ಅವನ ಕರವಸ್ತ್ರ ಕೆಳಗೆ ಬಿದ್ದರೆ ಅಜ್ಜಿ ಅದರ ಮೇಲೆ ಕಾಲಿಟ್ಟುಕೊಂಡರು, ನಾನೇ ನೋಡಿದೆ.

ಗಂಟೆ ಹೊಡೆಯಿತು. ಮೊದಲ ಹತ್ತು ನಿಮಿಷ ಪಟ್ಟಿಗೆ ಪಟ್ಟು. ಜನರಿಗೆ ನಮ್ಮ ಉಸಿರು ಕೇಳುತ್ತಿತ್ತು, ನಮಗೆ ಅವರದು. ಅವಳು ನನ್ನ ಮೊಣಕಾಲು ಹಿಡಿದಾಗ ಒಬ್ಬಳು ಹೆಂಗಸು, "ಬಿಡೇ, ಅಕ್ಕ ಕಣೇ ಅವಳು!" ಎಂದು ಅತ್ತೇ ಬಿಟ್ಟಳು. ನಾನು ಒಂದು ಸಲ ಅವಳನ್ನು ಎತ್ತಿ ಒಗೆದೆ. ಒಗೆಯಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಆಹಾ, ಆ ಕೂಗು!

ಹದಿನೇಳನೇ ನಿಮಿಷಕ್ಕೆ, ಬರೆದ ಹಾಗೆ, ಅವಳನ್ನು ಕೆಡವಿ ಮೇಲೆ ಬಿದ್ದೆ. ಎರಡಕ್ಕೆ ಅವಳು ಭುಜ ಎತ್ತಬೇಕು, ಎದ್ದು ನನ್ನನ್ನು ಒಗೆಯಬೇಕು. ಮಾವ ನೆಲ ಬಡಿದರು. ಒಂದು. ನಾನು ಮೈ ಹಗುರ ಮಾಡಿದೆ, ಅವಳು ಏಳಲಿ ಎಂದು. ಎರಡು. ಏಳಲಿಲ್ಲ. ಬೆನ್ನ ಹಿಂದೆ ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಹೊರಗಿನವರಿಗೆ ಅದು ಒದ್ದಾಟದಂತೆ ಕಂಡಿರಬೇಕು. ಅವಳು ನನ್ನನ್ನು ತನ್ನ ಮೇಲೆ ಅದುಮಿ ಹಿಡಿದಿದ್ದಳು.

"ಬಿಡೇ, ಏಳು" ಅಂದೆ ಕಿವಿಯಲ್ಲಿ.

"ಅಲ್ಲಾಡಬೇಡ ಅಕ್ಕ" ಅಂದಳು.

ಮಾವನ ಕೈ ಮೇಲಕ್ಕೆ ಹೋಯಿತು. ಆ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ನಾನು ಅವರ ಮುಖ ನೋಡಿದೆ, ಕಣ್ಣು ತುಂಬಿತ್ತು. ಮೂರು.

ಜನ ಏನು ಕೂಗಿದರೋ ನನಗೆ ಕೇಳಲಿಲ್ಲ. ತಂಗಿ ಬೆಲ್ಟನ್ನು ನನ್ನ ಸೊಂಟಕ್ಕೆ ಕಟ್ಟಲು ಹೋದಳು. ಕೊನೆಯ ತೂತಿಗೂ ಸಾಲಲಿಲ್ಲ, ಕೈಯಲ್ಲೇ ಹಿಡಿದುಕೊಂಡೆ. ಸೂಟಿನವನು ಆಗಲೇ ಫೋನ್ ಹಿಡಿದು ಬಾಗಿಲ ಕಡೆ ಹೋಗುತ್ತಿದ್ದ.

ಒಳಗೆ ಹೋಗಿ ಅವಳ ಕೆನ್ನೆಗೆ ಹೊಡೆಯಲು ಕೈ ಎತ್ತಿದೆ, ಅಷ್ಟು ಸಿಟ್ಟು ಬಂದಿತ್ತು. ಆಮೇಲೆ ಇಬ್ಬರೂ ಬೆಂಚಿನ ಮೇಲೆ ಕೂತು ಅತ್ತೆವು.

ಏಪ್ರಿಲ್ ೨, ಬುಧವಾರ

ತಂಗಿಗೆ ಫೋನ್ ಬಂತು. ಕಾಗದ ರದ್ದಾಗಿಲ್ಲ. ಆದರೆ ಕ್ರೀಡಾಂಗಣದ ಪರಿಚಯ ಇಲ್ಲ, ಪೋಸ್ಟರ್ ಇಲ್ಲ. ಸೋಮವಾರದಿಂದ ದೂರದ ಊರಿನ ತರಬೇತಿ ಶಾಲೆಗೆ ಹೋಗಬೇಕು, ಹೊಸಬರ ಜೊತೆ, ಒಂದು ವರ್ಷ. ಆಮೇಲೆ ನೋಡುತ್ತಾರಂತೆ. ಭುಜದ ಆಪರೇಷನ್ ಮಾತ್ರ ಮಾಡಿಸುತ್ತಾರೆ. ಎಂಟು ಸಾವಿರ ಜನ ಹೋದರು, ನನ್ನಿಂದ.

"ನಿನ್ನಿಂದ ಅಲ್ಲ, ನನ್ನ ಕೈಯಿಂದ" ಅಂದಳು. "ಒಂದು ವರ್ಷ ತಾನೆ. ಅಲ್ಲಿ ಮಕ್ಕಳಿಗೆ ಬೀಳೋದು ಹೇಗೆ ಅಂತ ಹೇಳ್ಕೊಡ್ತೀನಿ."

ನರ್ಸ್ ವಾಪಸ್ ಬಂದಳು. ಎತ್ತರ ಸಾಲದು ಅಂದರಂತೆ. ಅಳತೆ ಪಟ್ಟಿ ಹಿಡಿದು ಕುಸ್ತಿ ಆರಿಸುವವರಿಗೆ ಏನು ಹೇಳೋಣ!

ಏಪ್ರಿಲ್ ೬, ಭಾನುವಾರ

ನಿನ್ನೆ ಅಲ್ಲಿ ಎಂಟು ಸಾವಿರ. ಇಲ್ಲಿ ಇನ್ನೂರ ಹನ್ನೊಂದು. ನರ್ಸ್ ನನ್ನ ತಲೆಯನ್ನು ಕಂಕುಳಲ್ಲಿ ಹಿಡಿದಿದ್ದಾಗ ಎಣಿಸಿದೆ. ನಲವತ್ತೊಂಬತ್ತು ಕುರ್ಚಿ ಖಾಲಿ ಇದ್ದವು. ಇದ್ದರೆ ಇರಲಿ. ನಾವು ಭಾನುವಾರಕ್ಕೆ ಹೋಗಲಿಲ್ಲ, ನಾಲ್ಕಕ್ಕೇ ಗಂಟೆ ಬಾರಿಸಿದೆವು.

ತಂಗಿ ಟಿಕೆಟ್ ತೆಗೆದುಕೊಂಡು ಬಂದು ಅಜ್ಜಿಯ ಪಕ್ಕ ಕೂತಿದ್ದಳು. ಆಡುವ ಹಾಗಿಲ್ಲ, ನೋಡಬಾರದು ಅಂತ ಕಾಗದದಲ್ಲಿ ಇಲ್ಲವಂತೆ. "ಸಾಕು, ಮನೆಗೆ ನಡಿಯೇ ಮುದುಕಿ!" ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು. ಎಲ್ಲರಿಗಿಂತ ಜೋರಾಗಿ. ಇಪ್ಪತ್ತೆರಡನೇ ನಿಮಿಷಕ್ಕೆ ಗೆದ್ದೆ.

ಮುಂದಿನ ವಾರ ವೆಲ್ಡರನ ಹೆಂಡತಿ ಆಡಬೇಕು ಅನ್ನುತ್ತಿದ್ದಾಳೆ. ದಪ್ಪನೆಯ ಮನುಷ್ಯನ ಹೆಂಡತಿಯೂ ಹೆಸರು ಕೊಟ್ಟಿದ್ದಾರೆ. ಇಬ್ಬರಿಗೂ ಮಂಗಳವಾರ ಬೆಳಿಗ್ಗೆ ಆರಕ್ಕೆ ಬರಲು ಹೇಳಿದ್ದೇನೆ.

ಏಪ್ರಿಲ್ ೭, ಸೋಮವಾರ

ಬೆಳಿಗ್ಗೆ ಬಸ್ ನಿಲ್ದಾಣ. ಒಂದು ಚೀಲ, ಭುಜಕ್ಕೆ ಪಟ್ಟಿ. ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಅಲ್ಲಿ ಸರಿಹೋಗ್ಲಿಲ್ಲ ಅಂದ್ರೆ ವಾಪಸ್ ಸೇರಿಸ್ಕೋತೀಯಾ ಅಕ್ಕ?"

"ಸುಮ್ನೆ ಸೇರಿಸ್ಕೊಳ್ಳೋಕೆ ಇದೇನು ಛತ್ರವಾ? ಬೆಲ್ಟ್ ನನ್ನ ಹತ್ರ ಇದೆ. ತಾಕತ್ತಿದ್ರೆ ಬಂದು ಕಿತ್ಕೋ."

ನಕ್ಕಳು. ಬಸ್ಸು ತಿರುವು ದಾಟುವ ತನಕ ಕೈ ಬೀಸಿದೆ. ಗೋದಾಮಿಗೆ ಬಂದವಳೇ ಚಪ್ಪಲಿ ಬಿಟ್ಟು ರಿಂಗು ಹತ್ತಿದೆ. ಐವತ್ತು ಸಲ ಬಿದ್ದೆ.